ಎಂಬತ್ತನಾಲ್ಕು ವರ್ಷದ ಪಿಟೀಲುಗಾರ, ನನ್ನ ಕೈಯಲ್ಲೊಂದು ರೆಕಾರ್ಡರ್: ಹೇಗೆ ಶುರು ಮಾಡಲಿ?

ಕಲ್ಪತರು_ರೋನೋಕ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಾಮಾನ್ಯವಾಗಿ ನಮ್ಮ ಕಡೆಯ ಹಳೆಯ ಗ್ರಾಮಫೋನ್ ತಟ್ಟೆಗಳ, ನಾಟಕದ ಹಾಡುಗಳ ಮಾತು ನಡೆಯುತ್ತದೆ. ನನ್ನ ಪ್ರಶ್ನೆ ದೂರದ ಊರಿನದು, ಕ್ಷಮಿಸಿ.

ತುಮಕೂರು ಕಡೆಯವನು. ಹನ್ನೊಂದು ವರ್ಷದಿಂದ ಅಮೆರಿಕದ ವರ್ಜೀನಿಯಾ ರಾಜ್ಯದ ರೋನೋಕ್‌ನಲ್ಲಿದ್ದೇನೆ. ಇಲ್ಲಿಂದ ಒಂದು ಗಂಟೆ ದಾರಿಯಲ್ಲಿ, ಬೆಟ್ಟದ ಮೇಲೆ ಫ್ಲಾಯ್ಡ್ ಎಂಬ ಪುಟ್ಟ ಊರಿದೆ. ಅಲ್ಲಿನ ಹಳೆಯ ಅಂಗಡಿಯೊಂದರಲ್ಲಿ ಶುಕ್ರವಾರ ರಾತ್ರಿ ಪಿಟೀಲು, ಗಿಟಾರ್, ಬಾಂಜೋ ಎಂಬ ತಂತಿವಾದ್ಯ ಹಿಡಿದವರು ಸೇರುತ್ತಾರೆ. ಜನ ಮರದ ನೆಲದ ಮೇಲೆ ಹಿಮ್ಮಡಿ ಕುಟ್ಟಿ ಕುಣಿಯುತ್ತಾರೆ. ಹುಡುಗನಾಗಿದ್ದಾಗ ಆರು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತು ಬಿಟ್ಟವನಿಗೆ ಆ ಸದ್ದು ಕೇಳಿ ಕೈ ತುರಿಸತೊಡಗಿತು.

ಅಲ್ಲಿ ಒಬ್ಬ ಅಜ್ಜ ಪರಿಚಯವಾದರು. ಎಂಬತ್ತನಾಲ್ಕು ವರ್ಷ. ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಚಿಕ್ಕಪ್ಪನಿಂದ ಬಂದ ಮಟ್ಟುಗಳನ್ನು ನುಡಿಸುತ್ತಾರೆ, ಕೆಲವನ್ನು ಬೇರೆ ಯಾರೂ ನುಡಿಸಿದ್ದನ್ನು ನಾನು ಕೇಳಿಲ್ಲ. ಮಕ್ಕಳು ಯಾರೂ ಕಲಿತಿಲ್ಲ. ‘ಮನೆಗೆ ಬಾ’ ಎಂದಿದ್ದಾರೆ. ಒಂದು ಭಾನುವಾರ ಹೋಗಿ ನಲವತ್ತು ಮಟ್ಟುಗಳನ್ನಾದರೂ ಒಂದೇ ಸಲಕ್ಕೆ ರೆಕಾರ್ಡ್ ಮಾಡಿಬಿಡೋಣ ಎಂದುಕೊಂಡಿದ್ದೇನೆ. ನನ್ನ ಬಳಿ ಮೊಬೈಲ್ ಇದೆ, ಅಂಗೈ ಅಗಲದ ಒಂದು ರೆಕಾರ್ಡರ್ ಇದೆ. ಸಂದರ್ಶನವನ್ನೂ ಮಾಡಬೇಕೆ? ಮಾಡಿದರೆ ಏನು ಕೇಳಬೇಕು? ಆಮೇಲೆ ಅದನ್ನೆಲ್ಲ ಎಲ್ಲಿ ಇಡಬೇಕು?

ಟೇಪುಪೆಟ್ಟಿಗೆ

ಮೊದಲು ನಲವತ್ತು ಎಂಬ ಲೆಕ್ಕವನ್ನು ಮರೆತುಬಿಡಿ. ಎಂಬತ್ತನಾಲ್ಕರ ಭುಜ ಎಷ್ಟು ಹೊತ್ತು ಕಮಾನು ಎಳೆದೀತು? ಒಂದೂವರೆ ತಾಸು ಆಗುವಷ್ಟರಲ್ಲಿ ಶ್ರುತಿ ಜಾರುತ್ತದೆ, ಆ ಜಾರಿದ್ದೇ ಶಾಶ್ವತವಾಗಿ ಉಳಿಯುತ್ತದೆ. ನಾಲ್ಕು ಸಲ ಹೋಗಿ. ಪ್ರತಿ ಸಲ ಎಂಟು ಹತ್ತು ಮಟ್ಟು ಸಾಕು.

ಮೊಬೈಲ್ ಬೇಡ. ದನಿ ಸಣ್ಣದಾದರೆ ತಾನೇ ಏರಿಸಿ, ದೊಡ್ಡದಾದರೆ ತಾನೇ ತಗ್ಗಿಸಿ, ಹಿನ್ನೆಲೆಯನ್ನು ‘ಗದ್ದಲ’ ಎಂದು ಒರೆಸಿಹಾಕುವ ಬುದ್ಧಿ ಅದಕ್ಕಿದೆ. ಪಿಟೀಲಿನ ಕಮಾನು ಉಜ್ಜುವ ಸದ್ದನ್ನೂ ಅದು ಗದ್ದಲ ಎಂದೇ ತಿಳಿಯುತ್ತದೆ. ರೆಕಾರ್ಡರ್‌ನಲ್ಲಿ ಎಂಪಿ3 ಬಿಟ್ಟು ವೇವ್ ಫೈಲ್ ಆರಿಸಿ, 24 ಬಿಟ್, 48 ಕಿಲೋಹರ್ಟ್ಸ್. ದನಿಯ ಮಟ್ಟವನ್ನು ಕೈಯಿಂದಲೇ ಇಡಿ. ಗಟ್ಟಿಯಾಗಿ ನುಡಿಸಿದಾಗಲೂ ಸೂಚಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಯಂತ್ರ ಅವರಿಂದ ಮೂರಡಿ ದೂರ, ಪಿಟೀಲಿಗಿಂತ ತುಸು ಎತ್ತರ. ಬೆಟ್ಟದ ಪಿಟೀಲುಗಾರರು ಕಾಲಿನಲ್ಲಿ ತಾಳ ಹಾಕುತ್ತಾರೆ, ಮರದ ನೆಲ ಅದನ್ನು ಗುಡುಗಿನಂತೆ ಮೈಕಿಗೆ ಸಾಗಿಸುತ್ತದೆ. ಸ್ಟ್ಯಾಂಡಿನ ಕೆಳಗೆ ಮಡಿಸಿದ ಟವೆಲ್ ಹಾಕಿ. ಕಾಲು ಕುಟ್ಟಬೇಡಿ ಎಂದು ಮಾತ್ರ ಯಾವತ್ತೂ ಹೇಳಬೇಡಿ.

ಫ್ರಿಜ್ಜಿನ ಸದ್ದು ಮೈಕಿಗೆ ಬೀಳದಂತೆ ಅದನ್ನು ಬಂದ್ ಮಾಡಿ. ಮಾಡಿದ ಕೂಡಲೇ ನಿಮ್ಮ ಕಾರಿನ ಕೀಲಿಯನ್ನು ಅದರೊಳಗೇ ಇಡಿ. ಮತ್ತೆ ಹಾಕದೆ ಹೊರಟುಹೋಗುವುದು ಆಗ ಸಾಧ್ಯವೇ ಇಲ್ಲ. ಇದು ನನ್ನ ಜಾಣ್ಮೆಯಲ್ಲ, ಈ ಕಸುಬಿನವರೆಲ್ಲರ ಹಳೆಯ ಉಪಾಯ.

ಶುರುವಿನಲ್ಲಿ ತಾರೀಖು, ಊರು, ಅವರ ಹೆಸರು, ನಿಮ್ಮ ಹೆಸರುಗಳನ್ನು ಬಾಯಲ್ಲೇ ಹೇಳಿ. ಚೀಟಿ ಕಳೆದುಹೋಗುತ್ತದೆ, ಫೈಲಿನ ಹೆಸರನ್ನು ಯಾರೋ ಬದಲಾಯಿಸುತ್ತಾರೆ; ದನಿಯೊಳಗೆ ಇರುವುದು ದನಿಯ ಜೊತೆಗೇ ಇರುತ್ತದೆ. ಪ್ರತಿ ಮಟ್ಟಿಗೂ ತಂತಿಗಳ ಶ್ರುತಿ ಏನೆಂದು ಕೇಳಿ, ನಾಲ್ಕೂ ತಂತಿಯನ್ನು ಒಂದೊಂದಾಗಿ ಮೀಟಿಸಿ. ಈ ಜನ ಮಟ್ಟಿಗೊಂದು ಶ್ರುತಿ ಬದಲಾಯಿಸುತ್ತಾರೆ.

ಇನ್ನೊಂದು. ಅವರ ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟು, ಸುರುಳಿ ಟೇಪು ಇದೆಯೇ ಎಂದು ವಿಚಾರಿಸಿ. ಇದ್ದರೆ ಖುಷಿಯಿಂದ ಯಂತ್ರಕ್ಕೆ ಹಾಕಬೇಡಿ. 1970–80ರ ದಶಕದ ಕೆಲವು ಟೇಪುಗಳ ಅಂಟು ತೇವ ಹೀರಿಕೊಂಡು ಬೆಲ್ಲದ ಪಾಕದಂತಾಗಿರುತ್ತದೆ. ಅವನ್ನು ಐವತ್ತು ಚಿಲ್ಲರೆ ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೆಚ್ಚಗಿಟ್ಟು ಒಣಗಿಸಿದ ಮೇಲಷ್ಟೇ ಓಡಿಸಬೇಕು, ಅದೂ ಬಲ್ಲವರ ಕೈಯಲ್ಲಿ. ಒಮ್ಮೆ ಅವಸರಪಟ್ಟು ಒಂದು ಸುರುಳಿಯನ್ನು ಹಾಗೇ ಓಡಿಸಿದೆ. ಎರಡು ನಿಮಿಷದಲ್ಲಿ ಟೇಪು ಓದುವ ಹೆಡ್ಡಿನ ಮೇಲೆ ಕಂದು ಬಣ್ಣದ ಕೆಸರು. ಆ ಕೆಸರೇ ಹಾಡು.

ಹಳೆಯತಟ್ಟೆ

ಟೇಪುಪೆಟ್ಟಿಗೆ ಅವರು ಯಂತ್ರದ ಮಾತು ಮುಗಿಸಿದ್ದಾರೆ. ನಾನು ‘ಸಂದರ್ಶನವನ್ನೂ ಮಾಡಬೇಕೆ’ ಎಂಬ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಸುತ್ತಿಕೊಂಡು.

ನೀವಿರುವ ಜಾಗದಿಂದ ನೈರುತ್ಯಕ್ಕೆ ಎರಡೂವರೆ ಗಂಟೆ ಹೋದರೆ ಬ್ರಿಸ್ಟಲ್ ಸಿಗುತ್ತದೆ. ಊರಿನ ಮುಖ್ಯ ಬೀದಿಯ ಒಂದು ಮಗ್ಗುಲು ವರ್ಜೀನಿಯಾ, ಇನ್ನೊಂದು ಮಗ್ಗುಲು ಟೆನೆಸಿ. 1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ವಿಕ್ಟರ್ ಎಂಬ ತಟ್ಟೆ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಅಲ್ಲಿನ ಒಂದು ಟೋಪಿ ಕಂಪನಿಯ ಕಟ್ಟಡದಲ್ಲಿ ಯಂತ್ರ ಹೂಡಿ ಕೂತ. ಬೆಟ್ಟ ಇಳಿದು ಬಂದ ಹತ್ತೊಂಬತ್ತು ತಂಡಗಳಿಂದ 76 ಹಾಡು ಮುದ್ರಿಸಿದ. ಕಂಟ್ರಿ ಸಂಗೀತದ ಮೊದಲ ತಾರೆಗಳಾದ ಕಾರ್ಟರ್ ಕುಟುಂಬ, ಜಿಮ್ಮಿ ರಾಡ್ಜರ್ಸ್ ಮೊದಲು ಯಂತ್ರದ ಮುಂದೆ ನಿಂತದ್ದು ಅಲ್ಲೇ, ಅದೂ ಒಂದೇ ವಾರದಲ್ಲಿ. ಅದಕ್ಕೇ ಕಂಟ್ರಿ ಸಂಗೀತದ ತವರು ಎಂದು 1998ರಲ್ಲಿ ಅಮೆರಿಕದ ಸಂಸತ್ತೇ ಆ ಊರನ್ನು ಕರೆಯಿತು.

ಆದರೆ ಪಿಯರ್ ವ್ಯಾಪಾರಿ. ಒಂದು ತಟ್ಟೆಯ ಮಗ್ಗುಲಿಗೆ ಮೂರು ನಿಮಿಷ, ಹಾಡಿದವರಿಗೆ ಮಗ್ಗುಲೊಂದಕ್ಕೆ ಐವತ್ತು ಡಾಲರ್. ಇಡೀ ರಾತ್ರಿ ಕುಣಿತಕ್ಕೆ ನುಡಿಸುತ್ತಿದ್ದವರು ಮೂರು ನಿಮಿಷಕ್ಕೆ ಕತ್ತರಿಸಿಕೊಂಡರು. ಈ ಹಾಡು ಯಾರಿಂದ ಕಲಿತಿರಿ ಎಂದು ಕೇಳಲು ಆ ತಟ್ಟೆಯಲ್ಲಿ ಜಾಗವಿರಲಿಲ್ಲ.

ಅದಕ್ಕೂ ಹತ್ತು ವರ್ಷ ಮೊದಲು ಇಂಗ್ಲೆಂಡಿನ ಜಾನಪದ ಹಾಡುಗಳ ಸಂಗ್ರಹಕಾರ ಸೆಸಿಲ್ ಶಾರ್ಪ್, ಸಹಾಯಕಿ ಮಾಡ್ ಕಾರ್ಪೆಲಿಸ್ ಜೊತೆಗೂಡಿ 1916ರಿಂದ 18ರವರೆಗೆ ಇದೇ ಬೆಟ್ಟಗಳಲ್ಲಿ ನಡೆದಾಡಿದ. ಅವನ ಕೈಯಲ್ಲಿ ಬರೀ ಪೆನ್ಸಿಲು, ಪುಸ್ತಕ. ಇಂಗ್ಲೆಂಡಿನಿಂದ ಬಂದ ಹಳೆಯ ಲಾವಣಿಗಳು ಬೇಕಾಗಿದ್ದವು. ಸಾವಿರಕ್ಕೂ ಹೆಚ್ಚು ಸಿಕ್ಕವು. ಬಾಂಜೋ ಬೇಕಿರಲಿಲ್ಲ, ಚರ್ಚಿನ ಹಾಡು ಬೇಕಿರಲಿಲ್ಲ, ಕಪ್ಪು ಜನರ ಹಾಡಂತೂ ಬೇಕಿರಲೇ ಇಲ್ಲ. ಹುಡುಕಿಕೊಂಡು ಹೋದದ್ದೇ ಸಿಕ್ಕಿತು ಎನ್ನುವುದಕ್ಕಿಂತ ದೊಡ್ಡ ಅಪಾಯ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಈಗ ನಿಮಗೆ ಹತ್ತಿರದ ಉದಾಹರಣೆ. ನಿಮ್ಮ ಪಶ್ಚಿಮಕ್ಕೆ ಗ್ಲೆನ್ ಲಿನ್ ಎಂಬಲ್ಲಿ ಹೆನ್ರಿ ರೀಡ್ ಎಂಬ ಪಿಟೀಲಜ್ಜ ಇದ್ದರು. 1966–67ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆಲನ್ ಜಬ್ಬೂರ್ ಅವರನ್ನು ಹುಡುಕಿಕೊಂಡು ಹೋದರು. ಜಬ್ಬೂರ್ ಕೂಡ ನಿಮ್ಮ ಹಾಗೆಯೇ. ಶಾಸ್ತ್ರೀಯ ವಯೊಲಿನ್ ಕಲಿತು ಬೆಟ್ಟದ ಪಿಟೀಲಿಗೆ ಮನಸೋತವರು. ರೀಡ್ 1968ರಲ್ಲಿ ತೀರಿಕೊಂಡರು. ಎರಡು ವರ್ಷದ ಕಿಟಕಿ, ಅಷ್ಟೇ. ರೀಡ್ ಹುಡುಗನಾಗಿದ್ದಾಗ ಕ್ವಿನ್ಸ್ ಡಿಲಿಯನ್ ಎಂಬ ಮುದುಕನಿಂದ ಕಲಿತಿದ್ದರು. ಆ ಮುದುಕ ಸೈನ್ಯದಲ್ಲಿ ಕೊಳಲು ಊದಿದವನು. ಇದು ಗೊತ್ತಾದದ್ದು ಜಬ್ಬೂರ್ ಕೇಳಿದ್ದರಿಂದ, ರೀಡ್ ನುಡಿಸಿದ್ದರಿಂದ ಮಾತ್ರವಲ್ಲ. ಕೇಳದೆ ಇದ್ದಿದ್ದರೆ ಆ ಮಟ್ಟುಗಳ ಬೇರು ರೀಡ್ ಅವರ ಹತ್ತಿರವೇ ನಿಂತುಬಿಡುತ್ತಿತ್ತು. ಆ ಧ್ವನಿಮುದ್ರಣಗಳೆಲ್ಲ ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿವೆ, ಮನೆಯಲ್ಲೇ ಕೂತು ಕೇಳಬಹುದು. ಹೋಗುವ ಮೊದಲು ಒಂದು ವಾರ ಅದನ್ನೇ ಕೇಳಿ.

ನೇರಮಾತು

ಎಲ್ಲರೂ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಇದು ಅರ್ಥವಾಗುತ್ತಿಲ್ಲ. ಅಮೆರಿಕದವರ ಸಂಗೀತ ಉಳಿಸಲು ಅಮೆರಿಕದವರಿಲ್ಲವೇ? ಅವರ ಬಳಿ ದುಡ್ಡಿದೆ, ಗ್ರಂಥಾಲಯವಿದೆ, ಯಂತ್ರವಿದೆ. ತುಮಕೂರು ಸೀಮೆಯ ಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಹಾಡುವವರು ಕಡಿಮೆಯಾಗುತ್ತಿದ್ದಾರೆ. ಅದನ್ನು ಬಿಟ್ಟು ನಮ್ಮ ಹುಡುಗ ವರ್ಜೀನಿಯಾದ ಅಜ್ಜನ ಮುಂದೆ ಮೈಕು ಹಿಡಿಯುವುದೇ?

ಹಳೆಯತಟ್ಟೆ

ನೇರಮಾತು ಅವರಿಗೆ ಒಬ್ಬನ ಕಥೆ ಹೇಳುತ್ತೇನೆ. ಜಾನ್ ಎಡ್ವರ್ಡ್ಸ್. ಆಸ್ಟ್ರೇಲಿಯಾದವನು, ಅಮೆರಿಕದ ನೆಲವನ್ನು ಒಮ್ಮೆಯೂ ತುಳಿದವನಲ್ಲ. ಅಲ್ಲಿದ್ದುಕೊಂಡೇ ಹಳೆಯ ಕಂಟ್ರಿ ತಟ್ಟೆಗಳನ್ನು ತರಿಸಿಕೊಂಡ, ಮರೆತುಹೋದ ಕಲಾವಿದರಿಗೆ ಕಾಗದ ಬರೆದ, ಉತ್ತರಗಳನ್ನು ಜೋಡಿಸಿಟ್ಟ. ಅಮೆರಿಕದವರೇ ಆ ಸಂಗೀತವನ್ನು ಹಳ್ಳಿಗುಗ್ಗುಗಳ ಗದ್ದಲವೆಂದು ಮೂಗು ಮುರಿಯುತ್ತಿದ್ದ ಕಾಲವದು. 1960ರಲ್ಲಿ ಕಾರು ಅಪಘಾತದಲ್ಲಿ ಸತ್ತಾಗ ಇನ್ನೂ ಮೂವತ್ತೂ ಆಗಿರಲಿಲ್ಲ. ಸಂಗ್ರಹವೆಲ್ಲ ಅಮೆರಿಕಕ್ಕೆ ಹೋಗಬೇಕೆಂಬುದು ಅವನ ಇಚ್ಛೆ. ಮೊದಲು ಕ್ಯಾಲಿಫೋರ್ನಿಯಾದಲ್ಲಿತ್ತು, ಈಗ ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ಜಾನಪದ ಸಂಗ್ರಹಕ್ಕೆ ಅದು ಬುನಾದಿಗಳಲ್ಲಿ ಒಂದು.

ಹೊರಗಿನವನಿಗೆ ಅನುಕೂಲವೊಂದಿದೆ. ಊರಿನವನು ಕೇಳಲು ನಾಚುವ ಪ್ರಶ್ನೆಯನ್ನು ಅವನು ಕೇಳಬಹುದು, ‘ಇದೂ ಗೊತ್ತಿಲ್ಲವೇ ನಿನಗೆ’ ಎಂದು ನಗುತ್ತಲೇ ಅವರು ಉತ್ತರಿಸುತ್ತಾರೆ. ನಮ್ಮ ತುಳುನಾಡಿನ ಸಿರಿ ಪಾಡ್ದನ ಎಂಬ ದೀರ್ಘ ಕಥನಗೀತೆಯನ್ನು ಗಾಯಕ ಗೋಪಾಲ ನಾಯ್ಕರ ಬಾಯಿಂದ ಪೂರ್ತಿಯಾಗಿ ದಾಖಲಿಸಲು ಫಿನ್‌ಲೆಂಡಿನಿಂದ ಜಾನಪದ ವಿದ್ವಾಂಸ ಲೌರಿ ಹಾಂಕೋ ಬಂದದ್ದು ನೆನಪಿದೆಯಲ್ಲ? ನಮ್ಮವರೂ ಜೊತೆಗಿದ್ದರು, ನಿಜ. ಹೊರಗಿನವರು ಬಂದರೆಂದು ಆಗ ಯಾರಾದರೂ ಆಕ್ಷೇಪಿಸಿದ್ದು ನನಗೆ ನೆನಪಿಲ್ಲ.

ನೇರಮಾತು

ಸರಿ, ಆ ಮಾತು ಒಪ್ಪಿದೆ. ಆದರೂ ಊರಿಗೆ ಬಂದಾಗ ಅದೇ ರೆಕಾರ್ಡರ್ ಜೇಬಿನಲ್ಲಿರಲಿ ಎನ್ನುತ್ತೇನೆ.

ಶಿರಸಿ_ಸೊಸೆ

ಒಂದು ದಡ್ಡ ಪ್ರಶ್ನೆ. ಕಂಟ್ರಿ, ಬ್ಲೂಗ್ರಾಸ್, ಓಲ್ಡ್ ಟೈಮ್ ಎಂದು ಮೂರು ಹೆಸರು ಕೇಳುತ್ತೇನೆ. ಕಿವಿಗೆ ಎಲ್ಲವೂ ಒಂದೇ.

ಕಲ್ಪತರು_ರೋನೋಕ್

ದಡ್ಡದೇನಲ್ಲ, ನನಗೂ ಒಂದು ವರ್ಷ ಬೇಕಾಯಿತು. ಓಲ್ಡ್ ಟೈಮ್ ಎಂದರೆ ಮನೆಯಂಗಳದ, ಕುಣಿತದ ಸಂಗೀತ. ಎಲ್ಲರೂ ಒಟ್ಟಿಗೆ ಒಂದೇ ಮಟ್ಟನ್ನು ಸುತ್ತಿ ಸುತ್ತಿ ನುಡಿಸುತ್ತಾರೆ, ಭಜನೆಯ ಹಾಗೆ. ಬ್ಲೂಗ್ರಾಸ್ ವೇದಿಕೆಗೆ ಬಂದದ್ದು. ಬಿಲ್ ಮನ್ರೋ ತಂಡಕ್ಕೆ 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಬಾಂಜೋ ಹಿಡಿದು ಸೇರಿದ ಮೇಲೆ ಅದಕ್ಕೊಂದು ರೂಪ ಬಂತು. ಅಲ್ಲಿ ಒಬ್ಬೊಬ್ಬರಿಗೂ ಮುಂದೆ ಬಂದು ಕೈಚಳಕ ತೋರಿಸುವ ಸರದಿ ಇರುತ್ತದೆ. ಕಂಟ್ರಿ ಎಂಬುದು ತಟ್ಟೆ, ರೇಡಿಯೋ, ಪೇಟೆಗಳ ದೊಡ್ಡ ಹೆಸರು. ನಮ್ಮ ಅಜ್ಜ ಓಲ್ಡ್ ಟೈಮ್. ಬ್ಲೂಗ್ರಾಸ್ ಬಗ್ಗೆ ಕೇಳಿದರೆ ‘ಒಳ್ಳೆಯದೇ, ಆದರೆ ಅವರಿಗೆಲ್ಲ ಯಾವಾಗಲೂ ರೈಲು ತಪ್ಪಿಹೋಗುವ ಅವಸರ’ ಎನ್ನುತ್ತಾರೆ.

ಶಿರಸಿ_ಸೊಸೆ

ಧನ್ಯವಾದ. ಹಾಗಾದರೆ ನನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ಈ ಧ್ವನಿಮುದ್ರಣ ಯಾರದ್ದು? ನೀವು ಮಾಡಿದಿರಿ ಎಂದ ಮಾತ್ರಕ್ಕೆ ನಿಮ್ಮದೇ?

ಕೆಂಟಕಿಯ ಸಾಲ್ಯರ್ಸ್‌ವಿಲ್‌ನಲ್ಲಿ 1937ರಲ್ಲಿ ಜಾನಪದ ಸಂಗ್ರಹಕಾರ ಆಲನ್ ಲೋಮ್ಯಾಕ್ಸ್, ಬಿಲ್ ಸ್ಟೆಪ್ ಎಂಬ ಪಿಟೀಲುಗಾರನಿಂದ ‘ಬೋನಾಪಾರ್ಟ್ಸ್ ರಿಟ್ರೀಟ್’ ಮಟ್ಟನ್ನು ಮುದ್ರಿಸಿಕೊಂಡ. ಬೇರೆಯವರು ಸೋತ ಸೈನ್ಯದ ನಡಿಗೆಯಂತೆ ನಿಧಾನವಾಗಿ ನುಡಿಸುತ್ತಿದ್ದುದನ್ನು ಸ್ಟೆಪ್ ಕುದುರೆ ಓಡಿಸಿದಂತೆ ನುಡಿಸಿದ್ದ. ಸಂಗೀತ ಸಂಯೋಜಕಿ ರೂತ್ ಕ್ರಾಫರ್ಡ್ ಸೀಗರ್ ಅದನ್ನು ಒಂದೊಂದು ಸ್ವರ ಕೇಳಿ ಬರೆದುಕೊಂಡರು, ಅದು ಪುಸ್ತಕದಲ್ಲಿ ಅಚ್ಚಾಯಿತು. ಅಲ್ಲಿಂದ ಹೆಸರಾಂತ ಸಂಯೋಜಕ ಆರನ್ ಕೋಪ್ಲಂಡ್ 1942ರ ತನ್ನ ಬ್ಯಾಲೆ ನೃತ್ಯರೂಪಕಕ್ಕೆ ಎತ್ತಿಕೊಂಡ. ಆಮೇಲೆ ಅದು ಜಗತ್ತಿನ ವಾದ್ಯವೃಂದಗಳಲ್ಲೆಲ್ಲ ಮೊಳಗಿತು, ದನದ ಮಾಂಸದ ಟಿವಿ ಜಾಹೀರಾತಿಗೂ ಬಂತು. ಕೋಪ್ಲಂಡ್ ಹೆಸರು ಎಲ್ಲರಿಗೂ ಗೊತ್ತು. ಸ್ಟೆಪ್ ಹೆಸರು ನಿಮ್ಮಂಥ ನಾಲ್ಕು ಜನರಿಗೆ.

ಇನ್ನೊಂದು, ನಾರ್ತ್ ಕೆರೊಲಿನಾದ ಫ್ರಾಂಕ್ ಪ್ರಾಫಿಟ್. ಕೊಲೆ ಮಾಡಿ ಗಲ್ಲಿಗೇರಿದ ಟಾಮ್ ಡೂಲಿಯ ಹಾಡನ್ನು 1938ರಲ್ಲಿ ಅವರು ಫ್ರಾಂಕ್ ವಾರ್ನರ್ ಎಂಬ ಸಂಗ್ರಹಕಾರರಿಗೆ ಹೇಳಿಕೊಟ್ಟರು. ಇಪ್ಪತ್ತು ವರ್ಷದ ನಂತರ ಕಿಂಗ್‌ಸ್ಟನ್ ಟ್ರಯೋ ಎಂಬ ತಂಡ ಹಾಡಿ ಲಕ್ಷ ಲಕ್ಷ ತಟ್ಟೆ ಮಾರಿತು. ಪ್ರಾಫಿಟ್ ಅದನ್ನು ಟಿವಿಯಲ್ಲಿ ನೋಡಿದರು. ಅವರಿಗೂ ಒಂದು ಪಾಲು ಎಂದು ಒಪ್ಪಂದವಾಗುವ ಹೊತ್ತಿಗೆ ಹಾಡಿನ ಕಾವು ಆರಿತ್ತು.

ಕಳ್ಳತನವನ್ನು ಸಂಗ್ರಹಕಾರರೇ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅವರು ತೆರೆದ ಬಾಗಿಲಿನಿಂದ ಬೇರೆಯವರು ನುಗ್ಗುತ್ತಾರೆ. ಅದಕ್ಕೆ ಕಾಗದ ಬೇಕು. ಯಾರು ಕೇಳಬಹುದು, ಯಾರು ಪ್ರಕಟಿಸಬಹುದು, ದುಡ್ಡು ಬಂದರೆ ಯಾರಿಗೆ: ಎಲ್ಲ ಅಜ್ಜನಿಗೆ ಅರ್ಥವಾಗುವ ಮಾತಿನಲ್ಲಿ ಒಂದು ಪುಟ. ರೆಕಾರ್ಡ್ ಮಾಡುವ ಮೊದಲು ಬಾಯಲ್ಲಿ ಒಪ್ಪಿಗೆ, ಮುಗಿದ ಮೇಲೆ ಸಹಿ. ತಾನು ಏನು ಹೇಳಿದ್ದೇನೆಂದು ಗೊತ್ತಾದ ಮೇಲೆ ಹಾಕಿದ ಸಹಿಗೇ ಬೆಲೆ.

ಟೇಪುಪೆಟ್ಟಿಗೆ

ಪೂರ್ತಿ ಒಪ್ಪುತ್ತೇನೆ. ಮತ್ತು ಮೊದಲ ಪ್ರತಿ ಅವರ ಮನೆಗೆ. ಪೆನ್‌ಡ್ರೈವ್ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅವರ ಮನೆಯಲ್ಲಿ ಯಾವ ಯಂತ್ರ ಇದೆಯೋ ಅದಕ್ಕೆ ಹೊಂದುವಂತೆ ಮಾಡಿಕೊಡಿ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ನಮ್ಮ ದಕ್ಷಿಣದ ರಾಜ್ಯಗಳಲ್ಲಿ ಮಾಡಿದ ಧ್ವನಿಮುದ್ರಣಗಳನ್ನು ಹಿಡಿದುಕೊಂಡು ಸಂಗೀತ ಸಂಶೋಧಕರಾದ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅದೇ ಊರುಗಳಿಗೆ ಮತ್ತೆ ಹೋದದ್ದು 1984ರಲ್ಲಿ, ಕರ್ನಾಟಕಕ್ಕೂ ಬಂದಿದ್ದರು. ಹಾಡಿದವರ ಊರಿಗೆ ಅವರದೇ ದನಿ ಮರಳಲು ನಲವತ್ತಾರು ವರ್ಷ. ನೀವು ನಲವತ್ತಾರು ಗಂಟೆಯೊಳಗೆ ಕೊಡಿ.

ಚೌಡಯ್ಯನ_ಶಿಷ್ಯನ_ಶಿಷ್ಯ

ಪಿಟೀಲು ಎಂಬ ನಮ್ಮ ಮಾತು ಬಂದದ್ದೇ ಫಿಡಲ್‌ನಿಂದ. ಅಂದರೆ ನೀವು ಕಲಿತದ್ದರ ಹೆಸರಿನ ತವರಿಗೇ ಹೋಗುತ್ತಿದ್ದೀರಿ.

ಒಂದು ವಿಷಯ ಗಮನಿಸಿದ್ದೀರಾ? ನೀವೆಲ್ಲ ಬರೆದದ್ದನ್ನು ಓದಿ ಹೆನ್ರಿ ರೀಡ್ ಅವರ ಕೆಲವು ಮಟ್ಟುಗಳನ್ನು ಕೇಳಿದೆ. ಪಾಶ್ಚಾತ್ಯರ ಮಾಮೂಲು ಶ್ರುತಿ ಜಿ ಡಿ ಎ ಇ. ಈ ಬೆಟ್ಟದವರು ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರ ಏರಿಸಿ ಎ ಇ ಎ ಇ ಮಾಡಿಕೊಳ್ಳುತ್ತಾರೆ. ಅದೇನೆಂದು ನಮ್ಮ ಲೆಕ್ಕದಲ್ಲಿ ಹೇಳಿನೋಡಿ. ಸ ಪ ಸ ಪ! ನಾವು ಪಾಠದ ಮೊದಲ ದಿನ ಮಾಡುವ ಶ್ರುತಿ. ‘ಬೋನಾಪಾರ್ಟ್’ಗೆ ಡಿ ಡಿ ಎ ಡಿ, ಅಂದರೆ ಸ ಸ ಪ ಸ. ಒಬ್ಬರಿಂದ ಒಬ್ಬರು ಕಲಿತದ್ದಲ್ಲ ಬಿಡಿ. ಆಧಾರಶ್ರುತಿ ಬೇಕೆಂದವನ ಕೈ ತಂತಿಯನ್ನು ಅಲ್ಲಿಗೇ ಒಯ್ಯುತ್ತದೆ.

ಹಳೆಯತಟ್ಟೆ

ಅದ್ಭುತ! ಆ ಎ ಇ ಎ ಇ ಶ್ರುತಿಗೆ ಹಳಬರ ಬಾಯಲ್ಲಿ ‘ಹೈ ಬಾಸ್, ಹೈ ಕೌಂಟರ್’ ಎಂಬ ಹೆಸರಿದೆ. ಕಲ್ಪತರು ಅವರೇ, ನಿಮ್ಮ ಅಜ್ಜ ಏನೆನ್ನುತ್ತಾರೋ ಕೇಳಿ. ಹೆಸರನ್ನು ನೀವಾಗಿ ಬಾಯಿಗೆ ಹಾಕಬೇಡಿ.

ಪ್ರಶ್ನೆಗಳ ಬಗ್ಗೆ ಹೇಳಬೇಕೆಂದುಕೊಂಡದ್ದು ಹಾಗೇ ಉಳಿಯಿತು. ಹಳೆಯ ಸಂಗೀತದ ಗಾಯಕ, ಸಂಗ್ರಹಕಾರ ಮೈಕ್ ಸೀಗರ್ 1963ರಲ್ಲಿ ವರ್ಜೀನಿಯಾದ ನಾರ್ಟನ್‌ನಲ್ಲಿ ಡಾಕ್ ಬಾಗ್ಸ್ ಅವರನ್ನು ಪತ್ತೆ ಹಚ್ಚಿದರು. 1927, 1929ರಲ್ಲಿ ಒಂದಿಷ್ಟು ತಟ್ಟೆ ಕೊಟ್ಟು ಮಾಯವಾಗಿದ್ದ ಬಾಂಜೋಗಾರ. ನಡುವಿನ ವರ್ಷಗಳಲ್ಲಿ ಏನು ಮಾಡಿದರು? ಕಲ್ಲಿದ್ದಲು ಗಣಿ. ಬಾಂಜೋವನ್ನು ಗೆಳೆಯನಲ್ಲಿ ಅಡವಿಟ್ಟು ಸುಮಾರು ಕಾಲು ಶತಮಾನ ದೂರವಿದ್ದರು. ಹೆಂಡತಿಗೆ ಈ ಸಂಗೀತ ಹಿಡಿಸುತ್ತಿರಲಿಲ್ಲ. ಸೀಗರ್ ಹಾಡಿನ ಜೊತೆಗೆ ಈ ಮಾತುಗಳನ್ನೂ ಟೇಪಿಗೆ ಹಿಡಿದರು, ಫೋಕ್‌ವೇಸ್ ಕಂಪನಿ ಬರೀ ಸಂದರ್ಶನದ್ದೇ ಒಂದು ತಟ್ಟೆ ಹೊರಡಿಸಿತು. ಹಾಡನ್ನು ಬೇರೆಯವರೂ ಹಾಡಬಹುದು. ಗಣಿಯ ಮಾತು ಬಾಗ್ಸ್ ಒಬ್ಬರದೇ.

ಆದ್ದರಿಂದ ‘ಸಂಗೀತ ನಿಮಗೆ ಏನು’ ಎಂಬಂಥ ಪ್ರಶ್ನೆ ಬೇಡ. ಮೊದಲ ಪಿಟೀಲು ಎಷ್ಟಕ್ಕೆ ಬಂತು, ದುಡ್ಡು ಯಾರದು? ಕುಣಿತ ಯಾರ ಮನೆಯಲ್ಲಿ, ಮಂಚ ಕುರ್ಚಿ ಎಲ್ಲಿಗೆ ಸಾಗಿಸುತ್ತಿದ್ದರು? ಚರ್ಚಿನವರು ಏನೆನ್ನುತ್ತಿದ್ದರು? ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಯಾರು ಯಾರು ನುಡಿಸುತ್ತಿದ್ದರು? ವಸ್ತು ಕೇಳಿ, ಜಾಗ ಕೇಳಿ. ಭಾವನೆ ತಾನಾಗಿ ಬರುತ್ತದೆ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಐದು ಎಣಿಸಿ. ಒಳ್ಳೆಯ ಮಾತು ಆರನೆಯದಕ್ಕೆ ಬರುತ್ತದೆ.

ಶಿರಸಿ_ಸೊಸೆ

ಒಂದು ಪ್ರಶ್ನೆ ಸೇರಿಸಿ: ‘ಕಪ್ಪು ಜನ ಯಾರಾದರೂ ನುಡಿಸುತ್ತಿದ್ದರೇ?’

ಬಾಂಜೋ ಬಂದದ್ದೇ ಪಶ್ಚಿಮ ಆಫ್ರಿಕಾದಿಂದ ಗುಲಾಮರ ನೆನಪಿನಲ್ಲಿ. ಆದರೆ ತಟ್ಟೆ ಕಂಪನಿಗಳು 1920ರ ದಶಕದಲ್ಲಿ ಕಪ್ಪು ಜನರಿಗೊಂದು ಪಟ್ಟಿ, ಬಿಳಿ ಬೆಟ್ಟದವರಿಗೊಂದು ಪಟ್ಟಿ ಮಾಡಿ ಮಾರಿದವು. ಬೆಟ್ಟದ ಮಟ್ಟು ನುಡಿಸುವ ಕಪ್ಪು ಪಿಟೀಲುಗಾರನಿಗೆ ಎರಡರಲ್ಲೂ ಜಾಗ ಸಿಕ್ಕಿದ್ದು ಅಪರೂಪ. ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಹಾಡು ಹುಡುಕುತ್ತ ಊರೂರು ತಿರುಗುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಕಾರ್ಟರ್ ಸಾಹಿತ್ಯ ಬರೆದುಕೊಳ್ಳುತ್ತಿದ್ದರು, ಮಟ್ಟನ್ನು ರಿಡಲ್ ತಲೆಯಲ್ಲಿಟ್ಟುಕೊಂಡು ಬರುತ್ತಿದ್ದರು. ಜೀವಂತ ಟೇಪ್ ರೆಕಾರ್ಡರ್! ತಟ್ಟೆಯ ಮೇಲೆ ಅವರ ಹೆಸರಿಲ್ಲ. 1965ರಲ್ಲಿ ಅದೇ ಮೈಕ್ ಸೀಗರ್ ಅವರನ್ನು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಕಂಡು, ಮುಂದೆ ವರ್ಷಗಟ್ಟಲೆ ರೆಕಾರ್ಡ್ ಮಾಡಿದರು. ನಾರ್ತ್ ಕೆರೊಲಿನಾದ ಮೆಬೇನ್‌ನಲ್ಲಿ ಜೋ ಥಾಂಪ್ಸನ್ ಎಂಬ ಕಪ್ಪು ಪಿಟೀಲಜ್ಜ ಇದ್ದರು. 2005ರಿಂದ ಮೂವರು ಯುವಕ ಯುವತಿಯರು ಅವರ ಮನೆಗೆ ಹೋಗಿ ಕಲಿತು ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ತಂಡ ಕಟ್ಟಿದರು. ಮೊದಲೇ ಹೇಳಿದರಲ್ಲ, ಹುಡುಕಿದ್ದೇ ಸಿಗುತ್ತದೆ ಎಂದು. ಕೇಳದಿದ್ದರೆ ನಿಮ್ಮ ಅಜ್ಜನೂ ಹೇಳುವುದಿಲ್ಲ.

ಟೇಪುಪೆಟ್ಟಿಗೆ

ಒಬ್ಬರನ್ನು ಹುಡುಕಿ ಹೋದಾಗ ಪಕ್ಕದಲ್ಲಿ ಕೂತವರನ್ನೂ ನೋಡಿ. ಸಂಗ್ರಹಕಾರ ರಾಲ್ಫ್ ರಿಂಜ್ಲರ್ 1960ರಲ್ಲಿ ಟೆನೆಸಿಗೆ ಹೋದದ್ದು ಹಳೆಯ ಗಾಯಕ ಕ್ಲಾರೆನ್ಸ್ ಆಶ್ಲಿಗಾಗಿ. ಜೊತೆಗೆ ಬಂದಿದ್ದ ಅಂಧ ಯುವಕ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ. ಇದು ನಮಗೆ ಬೇಡ ಎಂದುಕೊಂಡರು ರಿಂಜ್ಲರ್. ಮರುದಿನ ಲಾರಿಯ ಹಿಂದೆ ಕೂತು ರಿಂಜ್ಲರ್ ಬಾಂಜೋ ಬಾರಿಸುತ್ತಿದ್ದಾಗ ಆ ಯುವಕ ಮುಂದಿನಿಂದ ಇಳಿದು ಹಿಂದೆ ಹತ್ತಿ ಬಂದು ‘ಕೊಡಿಲ್ಲಿ’ ಎಂದು ಬಾಂಜೋ ಇಸಿದುಕೊಂಡ. ಅವರೇ ಮುಂದೆ ಜಗತ್ತಿಗೆಲ್ಲ ಹೆಸರಾದ ಗಿಟಾರ್ ವಾದಕ ಡಾಕ್ ವಾಟ್ಸನ್.

ಕಲ್ಪತರು_ರೋನೋಕ್ (ಮೂರು ವಾರದ ನಂತರ)

ಎರಡು ಭಾನುವಾರ ಹೋಗಿ ಬಂದೆ. ಹೇಳಲೇಬೇಕು.

ಮೊದಲ ಭಾನುವಾರ ನಾನು ರೆಕಾರ್ಡರ್ ತೆಗೆಯಲೇ ಇಲ್ಲ. ಅವರ ಹೆಂಡತಿ ಜೋಳದ ರೊಟ್ಟಿ, ಬೇಯಿಸಿದ ಹುರುಳಿಯಂಥ ಕಾಳು ಬಡಿಸಿದರು. ಊಟದ ನಂತರ ಅಜ್ಜ ಪಿಟೀಲು ನನ್ನ ಕೈಗಿಟ್ಟರು, ಪರೀಕ್ಷೆ ಎಂಬಂತೆ. ಶ್ರುತಿ ಎ ಇ ಎ ಇ ಇತ್ತು. ನಾನು ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು, ಪಿಟೀಲಿನ ತಲೆಯನ್ನು ಕಾಲಿನ ಮೇಲಿಟ್ಟು, ಮಾಯಾಮಾಳವಗೌಳದ ಸರಳೆ ನುಡಿಸಿದೆ. ಇಪ್ಪತ್ತು ವರ್ಷದ ತುಕ್ಕು, ಅಪಸ್ವರ ಧಾರಾಳ. ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ನಾನು ಐದು ಎಣಿಸಿದೆ. ಆಮೇಲೆ ‘ನಿಮ್ಮ ದೇಶದಲ್ಲಿ ಹೈ ಬಾಸ್ ಹೈ ಕೌಂಟರ್ ಮಾಡುವುದನ್ನು ಯಾರು ಕಲಿಸಿದರು’ ಎಂದರು. ಹೆಸರು ಅವರ ಬಾಯಿಂದಲೇ ಬಂತು!

ಎರಡನೆಯ ಭಾನುವಾರ ರೆಕಾರ್ಡ್ ಮಾಡಿದೆ. ಟವೆಲ್, ಫ್ರಿಜ್ಜು, ಕೀಲಿ, ಎಲ್ಲ ನೀವು ಹೇಳಿದಂತೆ. ಗೋಡೆಯ ಗಡಿಯಾರ ದೊಡ್ಡದಾಗಿ ಟಿಕ್ ಟಿಕ್ ಎನ್ನುತ್ತಿತ್ತು, ಅಜ್ಜಿಯ ಅನುಮತಿ ಕೇಳಿ ಲೋಲಕ ನಿಲ್ಲಿಸಿದೆ. ಮೂರನೆಯ ಮಟ್ಟಿಗೆ ಹೆಡ್‌ಫೋನಿನಲ್ಲಿ ಏನೋ ಸಣ್ಣ ಗರಗರ. ವೈರು ಅಲ್ಲಾಡಿಸಿದೆ, ಬ್ಯಾಟರಿ ಬದಲಾಯಿಸಿದೆ, ಯಂತ್ರವನ್ನು ಬೈದುಕೊಂಡೆ. ಹೋಗಲಿಲ್ಲ. ಕೊನೆಗೆ ಸಂಕೋಚದಿಂದಲೇ ಕೇಳಿದೆ. ಅಜ್ಜ ಪಿಟೀಲನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಉರುಳಿತು. ಬೋರಲು ಹಾಕಿ ತಟ್ಟಿದಾಗ ಹೊಟ್ಟೆಯ ಸೀಳಿನಲ್ಲಿ ಅದರ ತುದಿ ಕಂಡಿತು. ರ‍್ಯಾಟಲ್ ಸ್ನೇಕ್ ಎಂಬ ವಿಷದ ಹಾವಿನ ಬಾಲದ ಗಿಲಕಿ, ಒಣಗಿದ ಹುಣಸೆ ಸಿಪ್ಪೆಯ ಬಣ್ಣ. ಇಲ್ಲಿನ ಹಳಬರು ಪಿಟೀಲಿನೊಳಗೆ ಅದನ್ನು ಹಾಕಿಡುತ್ತಾರಂತೆ, ದನಿ ಚುರುಕಾಗುತ್ತದೆಂದು ಕೆಲವರು, ಇಲಿ ಬರುವುದಿಲ್ಲವೆಂದು ಕೆಲವರು.

ಅಲ್ಲಿಂದ ಮಾತು ಹರಿಯಿತು. ಹಾವು ಹೊಡೆದದ್ದು ಚಿಕ್ಕಪ್ಪ, ಹುಲ್ಲು ಕೊಯ್ಯುವಾಗ. ಆ ಹೊಲದ ಪಕ್ಕದ ಹೊಳೆಯ ಆಚೆ ದಂಡೆಯಲ್ಲಿ ಒಂದು ಕಪ್ಪು ಕುಟುಂಬವಿತ್ತು, ಅವರ ಮನೆಯ ಹಿರಿಯ ಬಾಂಜೋ ಬಾರಿಸುತ್ತಿದ್ದ, ಚಿಕ್ಕಪ್ಪ ಸಂಜೆ ಹೊಳೆ ದಾಟಿ ಹೋಗುತ್ತಿದ್ದ. ಶಿರಸಿಯ ಅಕ್ಕನ ಪ್ರಶ್ನೆಯನ್ನು ನಾನು ಕೇಳುವ ಮೊದಲೇ ಉತ್ತರ ಬಂದಿತ್ತು. ಮೂರನೆಯ ಮಟ್ಟು ಅವರದೇ ಎಂದರು. ‘ಹೆಸರೇನು’ ಎಂದೆ. ‘ಹೊ‍ಳೆಯಾಚೆಯದು ಎನ್ನುತ್ತಿದ್ದ ಚಿಕ್ಕಪ್ಪ, ಬೇರೆ ಹೆಸರು ಗೊತ್ತಿಲ್ಲ’ ಎಂದರು.

ನಲವತ್ತು ಆಗಲಿಲ್ಲ. ಏಳು ಮಟ್ಟು, ಎರಡು ತಾಸು ಹತ್ತು ನಿಮಿಷ ಮಾತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವಾಗ ಒಂದೇ ಷರತ್ತು ಹಾಕಿದರು: ಚರ್ಚಿನವರೊಬ್ಬರ ಬಗ್ಗೆ ಹೇಳಿದ ಒಂದು ಕಥೆ ಆ ವ್ಯಕ್ತಿಯೂ ತಾನೂ ತೀರಿಕೊಳ್ಳುವವರೆಗೆ ಹೊರಗೆ ಬರಬಾರದು. ಬರೆದುಕೊಂಡಿದ್ದೇನೆ. ಮಂಗಳವಾರವೇ ಅವರಿಗೆ ಎರಡು ಸಿಡಿ ಕೊಟ್ಟು ಬಂದೆ. ಅವರ ಹಳೆಯ ಪಿಕಪ್ ಗಾಡಿಯಲ್ಲಿ ಸಿಡಿ ಹಾಕುವ ಯಂತ್ರವಿದೆ. ಇನ್ನೊಂದು ಪ್ರತಿಯನ್ನು ಹತ್ತಿರದ ಫೆರಮ್ ಕಾಲೇಜಿನ ಬ್ಲೂ ರಿಡ್ಜ್ ಸಂಸ್ಥೆಯ ಸಂಗ್ರಹಕ್ಕೆ ಕೊಡಬಹುದೇ ಎಂದು ಕೇಳಿದೆ. ಮೊಮ್ಮಗಳು ಬಂದ ಮೇಲೆ ಅವಳನ್ನು ಕೇಳಿ ಹೇಳುತ್ತಾರಂತೆ.

ಹಳೆಯತಟ್ಟೆ

ಗಿಲಕಿಯ ಸದ್ದನ್ನು ಯಾವ ಕಾರಣಕ್ಕೂ ‘ಸ್ವಚ್ಛ’ ಮಾಡಬೇಡಿ.

ನೇರಮಾತು

ಹೊಳೆಯಾಚೆಯ ಆ ಮನೆಯವರ ಮಕ್ಕಳು ಮೊಮ್ಮಕ್ಕಳು ಎಲ್ಲಾದರೂ ಇರಬಹುದಲ್ಲ? ಅವರನ್ನು ಹುಡುಕುವುದಿಲ್ಲವೇ?

ಕಲ್ಪತರು_ರೋನೋಕ್

ಅಜ್ಜಿಗೆ ಒಂದು ಮನೆತನದ ಹೆಸರು ನೆನಪಿದೆ. ಮುಂದಿನ ಶನಿವಾರ ಅವರ ಚರ್ಚಿಗೆ ಹೋಗಿ ವಿಚಾರಿಸುತ್ತೇನೆ.

ಟೇಪುಪೆಟ್ಟಿಗೆ

ಎಲ್ಲ ಸರಿ. ಫ್ರಿಜ್ಜಿಗೆ ಕೀಲಿಯ ಉಪಾಯವಿತ್ತು. ಗಡಿಯಾರವನ್ನು ಮತ್ತೆ ಚಾಲೂ ಮಾಡಿ ಬಂದಿರಾ?

ಕಲ್ಪತರು_ರೋನೋಕ್

ಇಲ್ಲ. ಮಂಗಳವಾರ ಸಿಡಿ ಕೊಡಲು ಹೋದಾಗಲೂ ಎರಡೂ ಕಾಲಿಗೇ ನಿಂತಿತ್ತು. ಅಜ್ಜಿ ‘ಬೇಕೆಂದೇ ನಿಲ್ಲಿಸಿದ್ದಿ ಎಂದುಕೊಂಡು ನಾವು ಮುಟ್ಟಲಿಲ್ಲ’ ಎಂದರು.